ಈ ಸಲ ಎಲ್ಲ ಸಿಂಪಲ್

ಮನೆ ಚಿಕ್ಕದಾದರೆ ಒಳಗಿನ ಸಾಮಾನೂ ತಾನಾಗಿ ಕಡಿಮೆಯಾಗುತ್ತದೆ ಎಂದು ನಂಬಿದವರು ಲೋಕದಲ್ಲಿ ಬಿಲ್ಡರುಗಳು ಮಾತ್ರ. ಮಂಗಳೂರಿನಲ್ಲಿ ಹಂಚಿನ ಮನೆಯನ್ನು ಅವರ ಕೈಗೊಪ್ಪಿಸಿ ಫ್ಲಾಟಿಗೆ ಬಂದ ಬಾಯಮ್ಮಂದಿರನ್ನು ಅವರು ಡಿಸೆಂಬರಿನಲ್ಲೊಮ್ಮೆ ಬಂದು ನೋಡಬೇಕು. ಬೆಂದೂರು, ಬಿಜೈ, ವೆಲೆನ್ಸಿಯಾ ಕಡೆಯ ಯಾವ ಬಿಲ್ಡಿಂಗಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಎರಡನೇ ಮಹಡಿಯಲ್ಲಿದ್ದಾರೆ.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಇಗರ್ಜಿಯಿಂದ ಬರುವಾಗಲೇ ಲಿಫ್ಟಿನಲ್ಲಿ ಬಾಯಮ್ಮನ ಘೋಷಣೆಯಾಯಿತು: “ಈ ಸಲ ಎಲ್ಲ ಸಿಂಪಲ್ ಮಾರಾಯ್ರೆ. ಇಷ್ಟು ಸಣ್ಣ ಮನೆಯಲ್ಲಿ ಎಂತ ಮಾಡ್ಲಿಕ್ಕೆ ಆಗ್ತದೆ?” ಇದನ್ನು ಕೇಳಿದ್ದೇ ತಡ, ಅವರ ಯಜಮಾನರಾದ ಪೊರ್ಬುಗಳು ತಮ್ಮ ಕುರ್ಚಿಯನ್ನು ಹಾಲಿನಿಂದ ಮಲಗುವ ಕೋಣೆಗೆ ಸಾಗಿಸಿದರು. ಅನುಭವಸ್ಥರು.

ಮಧ್ಯಾಹ್ನ ಮಂಚದಡಿಯಿಂದ ರಟ್ಟಿನ ಪೆಟ್ಟಿಗೆಗಳು ಹೊರಬಂದವು. ಇಟ್ಟುಕೊಳ್ಳುವುದು, ಯಾರಿಗಾದರೂ ಕೊಡುವುದು, ಬಿಸಾಡುವುದು ಎಂದು ಮೂರು ರಾಶಿ ಮಾಡುವ ಯೋಜನೆ. ಮೂಗು ಮುಕ್ಕಾದ ಸಂತ ಜೋಸೆಫರನ್ನು ಎತ್ತಿದರೆ, “ಅದು ನಮ್ಮ ಅತ್ತೆ ತಂದದ್ದು.” ಉರಿಯದ ಸೀರಿಯಲ್ ಸೆಟ್ ಎತ್ತಿದರೆ, “ಒಂದೇ ಬಲ್ಬು ಹೋದದ್ದು, ಯಾವುದೂಂತ ಗೊತ್ತಾಗುವುದಿಲ್ಲ ಅಷ್ಟೆ.” ಮಗ ಎಲ್‌ಕೆಜಿಯಲ್ಲಿ ಹತ್ತಿ ಅಂಟಿಸಿ ಮಾಡಿದ ಕುರಿಗೆ ಮೂರೇ ಕಾಲು. ಆದರೆ ಆ ಮಗ ಈಗ ದುಬೈಯಲ್ಲಿ ಎಂಜಿನಿಯರ್, ಅವನ ಮೊದಲ ಪ್ರಾಜೆಕ್ಟನ್ನು ಬಿಸಾಡುವುದುಂಟೆ? ಸಂಜೆಗೆ ನೋಡಿದರೆ ಬಿಸಾಡುವ ರಾಶಿಯಲ್ಲಿ ಉಳಿದದ್ದು ಪೊರ್ಬುಗಳ ಎರಡು ಅಂಗಿ ಮತ್ತು ಒಂದು ಟ್ರಾನ್ಸಿಸ್ಟರು.

ಮನೆಗೆ ತಕ್ಕಂತಿರಲಿ ಎಂದು ಬಾಯಮ್ಮ ಹಂಪನಕಟ್ಟೆಗೆ ಹೋಗಿ ಗೇಣುದ್ದದ ಹೊಸ ಗೋದಲಿ ಸೆಟ್ ತಂದರು. ತಂದ ಮೇಲೆ ಹಳಬರನ್ನು ಪೆಟ್ಟಿಗೆಯಲ್ಲೇ ಬಿಡಲು ಮನಸ್ಸು ಬರಲಿಲ್ಲ. ಹೀಗಾಗಿ ಹೊಸ ಕುರುಬ ಹಳೆಯ ಕುರಿಯ ಹೊಟ್ಟೆಯಡಿ ನೆರಳಿಗೆ ನಿಂತಿದ್ದಾನೆ. ಹಳೆಯ ಒಂಟೆ ಗುಡಿಸಲಿನ ಮಾಡಿನ ಮೇಲಿಂದ ಒಳಗೆ ಇಣುಕುತ್ತದೆ. ಕೇಳಿದರೆ, “ಹತ್ತಿರ ಇದ್ದದ್ದು ದೊಡ್ಡದಾಗಿ ಕಾಣುವುದಲ್ವಾ?” ಎನ್ನುತ್ತಾರೆ. ಒಂಟೆ ನಿಂತಿರುವುದು ಹಿಂದೆ.

ಗೋದಲಿಯ ಸುತ್ತ ಹಸುರು ಗದ್ದೆ ಕಾಣಬೇಕಾದರೆ ಹಬ್ಬಕ್ಕೆ ಮುಂಚೆಯೇ ತಟ್ಟೆಗಳಲ್ಲಿ ರಾಗಿ ಬಿತ್ತಬೇಕು. ಫ್ಲಾಟಿನಲ್ಲಿ ಬಿಸಿಲು ಬೀಳುವ ಏಕೈಕ ಸ್ಥಳ ವಾಷಿಂಗ್ ಮೆಷಿನಿನ ತಲೆ. ಮೆಷಿನ್ ಕುಣಿದರೆ ಬೇರು ಅಲುಗಾಡುತ್ತದೆಂದು ಪೈರು ಏಳುವ ತನಕ ಪೊರ್ಬುಗಳು ಬಕೆಟ್ಟಿನಲ್ಲಿ ಬಟ್ಟೆ ಒಗೆದರು. ಇನ್ನು ಬೆಟ್ಟಕ್ಕೆ ಹೊದೆಸಲು ಪಾಚಿ. ಹಳೆಯ ಮನೆಯ ಮುರಕಲ್ಲಿನ ಕಂಪೌಂಡಿನಲ್ಲಿ ಅದು ಬೇಕಾದಷ್ಟು ಸಿಗುತ್ತಿತ್ತು. “ಇಲ್ಲಿ ಗೋಡೆಗೆ ಎಂತದೋ ಪೈಂಟ್ ಹೊಡೆದಿದ್ದಾರೆ, ಒಂದು ಪಾಚಿ ಕೂಡ ಬರುವುದಿಲ್ಲ” ಎಂದು ಅಸೋಸಿಯೇಶನ್ ಮೀಟಿಂಗಿನಲ್ಲಿ ಎದ್ದುನಿಂತು ದೂರಿದ ಸದಸ್ಯೆ ಇವರೊಬ್ಬರೇ.

ಪೊರ್ಬುಗಳು ಒಮ್ಮೆ ಬಾಯಿ ಬಿಟ್ಟರು. “ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ಒಂದು ಎತ್ತು, ಒಂದು ಕತ್ತೆ, ಸ್ವಲ್ಪ ಹುಲ್ಲು. ಅಷ್ಟೇ ಇದ್ದದ್ದು.”

“ಅವರದ್ದು ಜೀವ ಇದ್ದ ಎತ್ತು. ಕೆಲಸ ಮುಗಿದ ಮೇಲೆ ಅದು ಅದರ ಹಟ್ಟಿಗೆ ಹೋಯಿತು. ನನ್ನದು ಹೋಗ್ತದಾ?”

ಹಟ್ಟಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬಾಯಮ್ಮ ನಮ್ಮ ಬಾಗಿಲು ತಟ್ಟಿದರು. ಮೊದಲು ಕೇಳಿದ್ದು ಬಾಲ್ಕನಿಯ ಕೊಕ್ಕೆ: “ನಿಮ್ಮ ದೀಪಾವಳಿಯ ಗೂಡುದೀಪ ಇಳಿಸಿ ಆಯ್ತಲ್ಲ, ಅಲ್ಲಿ ಒಂದು ನಕ್ಷತ್ರ ತೂಗಿಸ್ತೇನೆ.” ಆಮೇಲೆ ಮೂರು ರಾಜರನ್ನು ತಂದರು. “ಇವರು ಬರ್ಲಿಕ್ಕೆ ಇರುವುದು ಜನವರಿ 6ಕ್ಕೆ. ಅಷ್ಟರ ತನಕ ನಿಮ್ಮ ಟಿವಿ ಹತ್ತಿರ ಇರಲಿ. ಪೂರ್ವದಿಂದಲೇ ಬರಬೇಕು, ನಿಮ್ಮ ಫ್ಲಾಟ್ ಪೂರ್ವಕ್ಕೇ ಉಂಟಲ್ಲ?” ನಾನು ಜಾಗದ ಅಡಚಣೆಯ ಬಗ್ಗೆ ಏನೋ ಗೊಣಗಿದೆ. ಬಾಯಮ್ಮ ಸ್ವರ ತಗ್ಗಿಸಿದರು: “ಜಾಗ ಇಲ್ಲ ಅಂತ ಮಾತ್ರ ಹೇಳ್ಬೇಡಿ. ಬೆತ್ಲೆಹೇಮಿನ ಛತ್ರದಲ್ಲಿ ಹಾಗೆ ಹೇಳಿದವರ ಸುದ್ದಿ ಇವತ್ತಿಗೂ ಪ್ರತಿ ವರ್ಷ ಓದ್ತಾರೆ.”

ಇದೇ ಮಾತು ಎಲ್ಲ ಮಹಡಿಗಳಲ್ಲೂ ಕೆಲಸ ಮಾಡಿತು. ಮೇಲಿನ ಬ್ಯಾರಿಗಳ ಮನೆಗೆ ಎರಡನೇ ನಕ್ಷತ್ರ ಹೋಯಿತು, ಕೆಳಗಿನ ಭಟ್ಟರ ಅಟ್ಟಕ್ಕೆ ಖಾಲಿ ಪೆಟ್ಟಿಗೆಗಳು. ಗಾಳಿಮರದ ಗೆಲ್ಲು ಲಿಫ್ಟಿನೊಳಗೆ ಹಿಡಿಸದೆ ವಾಚ್‌ಮನ್ನನ ಕೋಣೆಯ ಪಕ್ಕದಲ್ಲೇ ಕ್ರಿಸ್ಮಸ್ ಟ್ರೀಯಾಗಿ ನಿಂತಿತು. ಬಾಡಿಗೆ ಬಾಕಿ ಇಡುವ ಜಾತಿಯವರಲ್ಲ ಬಾಯಮ್ಮ. 24ರ ಸಂಜೆಯೊಳಗೆ ಎಲ್ಲರ ಮನೆಗೂ ಕುಸ್ವಾರಿನ ತಟ್ಟೆ ಬಂತು: ನೆವ್ರಿ, ಕಿಡಿಯೊ, ಗುಳಿಯೊ, ಕೇಕು. ಹಂಚಿನ ಮನೆಯಲ್ಲಿ ಒಂದು ಚಾವಡಿಯೊಳಗೆ ಮುಗಿಯುತ್ತಿದ್ದ ಅಲಂಕಾರ ಈಗ ಗೇಟಿನಿಂದ ಟೆರೇಸಿನ ತನಕ ಹರಡಿತ್ತು. ನೋಡಲು ಬಂದ ನೆಂಟರೊಡನೆ ಬಾಯಮ್ಮ ಹೇಳುತ್ತಿದ್ದರು: “ನಮ್ಮ ಮನೆಯಲ್ಲಿ ಈ ಸಲ ಏನೂ ಇಲ್ಲ, ಒಂದು ಸಣ್ಣ ಗೋದಲಿ ಮಾತ್ರ.” ಅದು ಸುಳ್ಳೇನೂ ಅಲ್ಲ.

ಹಬ್ಬದ ಮರುದಿನ ಮತ್ತೆ ಬಾಗಿಲು ಬಡಿದ ಸದ್ದು. ದುಬೈಯ ಮಗ, ಸೊಸೆ, ಇಬ್ಬರು ಮಕ್ಕಳು ಹೊಸವರ್ಷಕ್ಕೆ ಬರುತ್ತಾರಂತೆ. ಬಾಯಮ್ಮ ಒಳಗೆ ಬಂದು ರಾಜರ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾ, ನಮ್ಮ ಎದುರಿನ ಕೋಣೆಯ ಕಡೆ ಒಮ್ಮೆ ನೋಡಿದರು. ಬೆತ್ಲೆಹೇಮಿನ ಸುದ್ದಿ ಬಾಯಿಗೆ ಬರುವ ಮೊದಲೇ ನನ್ನ ಹೆಂಡತಿ ಹಾಸಿಗೆ ಕೊಡವತೊಡಗಿದ್ದಳು.