ಲೂಸಿ ಊರಿನ ಮುದ್ದೆ

(ರಾತ್ರಿ ಎಂಟೂವರೆ. ಮುದ್ದೆ ಹಬೆಯಾಡುತ್ತಿದೆ. ನಾಗರಾಜ ತಟ್ಟೆ ಆಚೆ ತಳ್ಳುತ್ತಾನೆ.)

ನಾಗರಾಜ: ನಂಗೆ ಬೇಡ. ಇವತ್ತಿಂದ ಆದಿಮಾನವ ಡಯಟ್ಟು. ಮಾಂಸ, ಮೊಟ್ಟೆ, ಬಾದಾಮಿ, ಅಷ್ಟೇ.

ಪುಟ್ಟಮ್ಮ: ಗುಹೆಗೆ ಬಾದಾಮಿ ಯಾರಪ್ಪಾ ತಂದ್ಕೊಡ್ತಿದ್ರು?

ನಾಗರಾಜ: ಧಾನ್ಯ ಅಂದ್ರೆ ವಿಷ ಅವ್ವ. ನಮ್ಮ ದೇಹ ಬೇಟೆಗೆ ಅಂತಲೇ ಆಗಿರೋದು. (ಜಿಮ್ಮಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದವರೆಲ್ಲ ಈ ಮಾತು ಹೇಳಿಯೇ ಹೇಳುತ್ತಾರೆ.) ನಮ್ಮ ತಾತ ಚಿಂಪಾಂಜಿ...

ಸುಮಾ: ತಾತ ಅಲ್ಲ, ದಾಯಾದಿ. 60-70 ಲಕ್ಷ ವರ್ಷದ ಹಿಂದೆ ಪಾಲಾಗಿ ಬೇರೆ ಒಲೆ ಹೂಡಿದವರು.

ಪುಟ್ಟಮ್ಮ: ಪಾಲು ಸರಿಯಾಗಿ ಆಯ್ತಾ?

ಸುಮಾ: ಕಾಡು ಅವರಿಗೆ, ಸೊಂಟನೋವು ನಮಗೆ. ನಮ್ಮೋರು ಎರಡು ಕಾಲಲ್ಲಿ ನಡೆದದ್ದು ಮೊದಲು, ತಲೆ ದೊಡ್ಡದಾಗಿದ್ದು ಎಷ್ಟೋ ಆಮೇಲೆ. ಲೂಸಿನೇ ನೋಡಿ.

ಪುಟ್ಟಮ್ಮ: ಯಾವ ಲೂಸಿ?

ಸುಮಾ: ಇಥಿಯೋಪಿಯಾದ ಹದಾರ್‌ನವಳು. 1974ರಲ್ಲಿ ಸಿಕ್ಕಿದ್ಲು.

ಪುಟ್ಟಮ್ಮ: ಅಲ್ಲೀವರೆಗೆ ಎಲ್ಲೋಗಿದ್ಲು? ಮನೆಯೋರು ಹುಡುಕಲಿಲ್ವಾ?

ಸುಮಾ: ಮಣ್ಣೊಳಗಿದ್ಲು ಅತ್ತೆ, 32 ಲಕ್ಷ ವರ್ಷ. ಮೂಳೆ ಸಿಕ್ಕಿದ್ದು, ಅದೂ ನೂರಕ್ಕೆ ನಲವತ್ತು ಭಾಗ.

ಪುಟ್ಟಮ್ಮ: ಅಯ್ಯೋ ಶಿವನೇ. ಎಷ್ಟು ಎತ್ತರ ಇದ್ಲು?

ಸುಮಾ: ಮೂರೂವರೆ ಅಡಿ.

ಪುಟ್ಟಮ್ಮ: ಗಂಡು ಸಿಗೋದು ಕಷ್ಟ.

ನಾಗರಾಜ: ಅವ್ವಾ! ಅವಳು ಮನುಷ್ಯಳೇ ಅಲ್ಲ, ಆಸ್ಟ್ರಲೋಪಿಥೆಕಸ್!

ಪುಟ್ಟಮ್ಮ: ಒಳ್ಳೇ ಕುಲವಾ?

ಸುಮಾ: ಅವಳ ಮೂಳೆ ಹುಡುಕಿದ ಡೊನಾಲ್ಡ್ ಜೋಹಾನ್ಸನ್ ತಂಡದೋರು ಅದು ಸಿಕ್ಕ ರಾತ್ರಿ ಶಿಬಿರದಲ್ಲಿ ಬೀಟಲ್ಸ್ ಹಾಡು ಹಾಕ್ಕೊಂಡಿದ್ರು. ಅದರಲ್ಲಿರೋ ಹೆಸರನ್ನೇ ಇವಳಿಗೆ ಇಟ್ರು. ಆ ದೇಶದೋರು ದಿಂಕಿನೇಶ್ ಅಂತಾರೆ.

ಪುಟ್ಟಮ್ಮ: ಟೇಪ್ ರೆಕಾರ್ಡರ್ ಕೇಳಿ ನಾಮಕರಣ ಮಾಡಿದ್ರಾ? ಮನೆದೇವರ ಹೆಸರಿಡೋದಲ್ವಾ? ಅದಕ್ಕೇ ಮೂರೂವರೆ ಅಡಿಗೇ ನಿಂತೋದ್ಲು.

ನಾಗರಾಜ: ಲೂಸಿ ವಿಷಯ ಬಿಡಿ! ಅವಳು ರಾಗಿ ತಿಂದ್ಲಾ, ಅದು ಹೇಳಿ.

ಸುಮಾ: ಇಲ್ಲ. ಹಂಗಂತ ಮಟನ್ ಚಾಪ್ಸೂ ತಿನ್ನಲಿಲ್ಲ. ನಿಮ್ಮ ಚಿಂಪಾಂಜಿನೂ ಹೆಚ್ಚಾಗಿ ತಿನ್ನೋದು ಹಣ್ಣು, ಮಾಂಸ ಅಪರೂಪ. ಹಸೀದು ತಿಂದು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ ಅಗೀತಾ ಕೂರುತ್ತೆ. ಗೊರಿಲ್ಲಾ ಸೊಪ್ಪು ತಿಂದೇ ಆ ಮೈ ಬೆಳೆಸಿರೋದು. ಇನ್ನೊಂದು ಕೇಳಿ. ಎಂಜಲಲ್ಲಿ ಪಿಷ್ಟ ಕರಗಿಸೋ ಜೀನು ಚಿಂಪಾಂಜಿಗೆ ಎರಡೇ ಪ್ರತಿ. ನಮ್ಮಲ್ಲಿ ಸಾಮಾನ್ಯವಾಗಿ ಅದರ ಎರಡು ಮೂರು ಪಟ್ಟು. ಬರೀ ಬೇಟೆಗೆ ಹುಟ್ಟಿದ ದೇಹಕ್ಕೆ ಅದ್ಯಾಕೆ ಬೇಕಿತ್ತು? ಮೊಜಾಂಬಿಕ್‌ನ ಒಂದು ಗುಹೇಲಿ ಲಕ್ಷ ವರ್ಷದ ಹಿಂದಿನ ಕಲ್ಲಿನ ಹತಾರಗಳ ಮೇಲೆ ಜೋಳದ ಪಿಷ್ಟ ಸಿಕ್ಕಿದೆ.

ಪುಟ್ಟಮ್ಮ: ಜೋಳವಾ! ನಿಮ್ಮ ಗುಲ್ಬರ್ಗದ ಅತ್ತಿಗೆಗೆ ಹೇಳು, ಇನ್ನೂ ಎರಡು ರೊಟ್ಟಿ ಜಾಸ್ತಿ ತಟ್ತಾಳೆ.

ಸುಮಾ: ಅಷ್ಟೇ ಅಲ್ಲ ಅತ್ತೆ, ರಾಗಿನ ಮೊದಲು ಬೆಳೆದದ್ದೂ ಇಥಿಯೋಪಿಯಾ, ಉಗಾಂಡದ ಕಡೆಯ ಎತ್ತರದ ನೆಲದಲ್ಲಿ.

ಪುಟ್ಟಮ್ಮ: ಲೂಸಿ ಊರಿನ ಕಡೆಯಿಂದ ಬಂದ ರಾಗಿನಾ? ನೆಂಟರ ಮನೆ ದವಸನ ತಳ್ತೀಯೇನೋ ಮೂದೇವಿ!

(ಮೌನ. ನಾಗರಾಜ ಮೂಗರಳಿಸುತ್ತಾನೆ.)

ನಾಗರಾಜ: ಸಾರು ಯಾವುದು?

ಸುಮಾ: ಹುರುಳಿಕಾಳು ಬಸ್ಸಾರು.

(ತಟ್ಟೆ ತಾನಾಗಿಯೇ ಹತ್ತಿರ ಬರುತ್ತದೆ. ಮುದ್ದೆ ಮುರಿದು, ಅದ್ದಿ, ಬಾಯಿಗಿಟ್ಟು, ಡಯಟ್ಟಿನ ಮರ್ಯಾದೆಗೆಂದು ನಿಧಾನಕ್ಕೆ ಅಗಿಯುತ್ತಾನೆ.)

ಪುಟ್ಟಮ್ಮ: ನುಂಗೋ! ಮುದ್ದೆನ ಯಾರಾದ್ರೂ ಅಗೀತಾರಾ? ಆ ದಾಯಾದಿ ಥರ ಆರು ಗಂಟೆ ಕೂರ್ತೀಯಾ?