ಚಿನ್ನದಷ್ಟೇ ಭಾರ, ಬೇರೆಯೇ ಜಾತಿ

ಗುಜರಾತಿನ ಗೋರ್ವಾದ ನಮ್ಮ ಪಕ್ಕದ ಮನೆ ಕಾಕಾ ಬೇಲಿಗೆ ಒರಗಿದರೆ ಎರಡೇ ವಿಷಯ: ಚಿನ್ನದ ರೇಟು, ಮತ್ತೆ ಬಿಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಅವರ ಆರ್ಗಾನ್ ವೆಲ್ಡಿಂಗ್ ಶೆಡ್ಡು. ಮೊನ್ನೆ ಎರಡೂ ಗಂಟುಬಿದ್ದವು.

“ಭಾಯ್, ಚಿನ್ನದ ಬಿಸ್ಕತ್ತಿನ ಹೊಟ್ಟೆಯೊಳಗೆ ಟಂಗ್‌ಸ್ಟನ್ ತುಂಬಿ ಮಾರ್ತಾರಂತೆ. ನನ್ನ ಟಾರ್ಚಿನ ಟಂಗ್‌ಸ್ಟನ್ ಕಡ್ಡಿಗೂ ಯೋಗ ಬಂತು ನೋಡಿ!”

ಬರದೆ ಏನು ಕಾಕಾ, ಎರಡೂ ಘನ ಸೆಂಟಿಮೀಟರಿಗೆ 19.3 ಗ್ರಾಂ. ಭಾರಕ್ಕೆ ಹೆಸರಾದ ಸೀಸ 11.3ಕ್ಕೇ ಸುಸ್ತು. ಹಾಗಾಗಿ ತಕ್ಕಡಿಯೂ ಮೋಸಹೋಗುತ್ತದೆ, ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆಯೂ. ಶಬ್ದ ಮಾತ್ರ ಮೋಸಹೋಗದು. ಚಿನ್ನದೊಳಗೆ ಅದು ಸೆಕೆಂಡಿಗೆ ಸುಮಾರು 3,240 ಮೀಟರ್ ಓಡಿದರೆ ಟಂಗ್‌ಸ್ಟನ್‌ನಲ್ಲಿ 5,200. ಅಲ್ಟ್ರಾಸೌಂಡ್ ಯಂತ್ರ ಹಿಡಿದರೆ ಕಳ್ಳ ಸಿಕ್ಕ.

ಕರಗುವುದರಲ್ಲಂತೂ ಅಜಗಜಾಂತರ. ಚಿನ್ನ 1064 ಡಿಗ್ರಿಗೆ ನೀರು. ಟಂಗ್‌ಸ್ಟನ್ 3422ರ ತನಕ ಜಗ್ಗುವುದಿಲ್ಲ. ಅದಕ್ಕೇ ಕಾಕಾರ ಕಿಡಿಗೆ ಸ್ಟೀಲು ಕರಗುತ್ತದೆ, ಕಡ್ಡಿ ಉಳಿಯುತ್ತದೆ.  

“ಇಷ್ಟು ಹಟಮಾರಿಯನ್ನ ಎರಕ ಹೊಯ್ಯೋದು ಹೇಗೆ?”

ಹೊಯ್ಯುವುದೇ ಇಲ್ಲ. ಟಂಗ್‌ಸ್ಟನ್ ಪುಡಿಗೆ ಒಂದಿಷ್ಟು ನಿಕ್ಕಲ್, ಕಬ್ಬಿಣ ಬೆರೆಸಿ ಅಚ್ಚಿನಲ್ಲಿ ಒತ್ತಿ, ಸುಮಾರು 1500 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಕರಗಿದ ನಿಕ್ಕಲ್-ಕಬ್ಬಿಣ ಚಿಕ್ಕಿಯ ಪಾಕದ ಹಾಗೆ ಕಾಳುಗಳನ್ನು ಹಿಡಿದು ಕೂರಿಸುತ್ತದೆ. ನೂರಕ್ಕೆ 90ರಿಂದ 97 ಪಾಲು ಟಂಗ್‌ಸ್ಟನ್ನೇ. ಬರಿಯ ಟಂಗ್‌ಸ್ಟನ್ ಕಡಿಯಹೋದರೆ ಸೀಳುತ್ತದೆ. ಈ ಮಿಶ್ರಲೋಹ ಲೇತಿಗೆ ಬಗ್ಗುತ್ತದೆ. ವಿಮಾನದ ಸಮತೂಕದ ತುಂಡಿಗೆ, ಕ್ಯಾನ್ಸರ್ ಆಸ್ಪತ್ರೆಯ ಯಂತ್ರದಲ್ಲಿ ವಿಕಿರಣ ಆಚೀಚೆ ಹರಿಯದಂತೆ ತಡೆಯುವ ತಟ್ಟೆಗಳಿಗೆ, ಯುದ್ಧಟ್ಯಾಂಕಿನ ಕವಚ ತೂರುವ ಗುಂಡಿಗೆ ಇದೇ ಬೇಕು. ಗುಂಡಿನ ಕೆಲಸಕ್ಕೆ ತಿರುಚಿರಾಪಳ್ಳಿಯಲ್ಲಿ ಕಾರ್ಖಾನೆಯೇ ಇದೆ. ನಿಮ್ಮ ಗುಜರಾತೂ ಹಿಂದಿಲ್ಲ ಕಾಕಾ, ಗಾಂಧಿನಗರದ ಭಾಟ್‌ನಲ್ಲಿರುವ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯವರು ಸಮ್ಮಿಳನ ಕುಲುಮೆಯ ಒಳಮೈಗೆ ಟಂಗ್‌ಸ್ಟನ್ ಬಿಲ್ಲೆ ಮಾಡಿ ಕಾಯಿಸಿ ನೋಡಿದ್ದಾರೆ.

“ನಮ್ಮ ದೇಶದಲ್ಲಿ ಸಿಗೋದೆಲ್ಲಿ?”

ನಮ್ಮ ಕೆಜಿಎಫ್‌ನಲ್ಲಿ, ಅದೂ ಬಿಸಾಕಿದ ಮಣ್ಣಿನಲ್ಲಿ! ಚಿನ್ನ ಹಿಂಡಿದ ಮೇಲೆ ಉಳಿದ ಸೈನೈಡ್ ದಿಬ್ಬಗಳಲ್ಲಿ ಶೀಲೈಟ್ ಅನ್ನುವ ಟಂಗ್‌ಸ್ಟನ್ ಅದಿರಿದೆ. ಅಲ್ಟ್ರಾವಯಲೆಟ್ ದೀಪ ಹಿಡಿದರೆ ತಿಳಿನೀಲಿ ಹೊಳೆಯುತ್ತದೆ.

ಕಾಕಾ ನಕ್ಕರು. “ತಮ್ಮನನ್ನ ತಿಜೋರಿಗೆ, ಅಣ್ಣನನ್ನ ತಿಪ್ಪೆಗೆ ಹಾಕಿದಿರಾ?”

ನಗಲಿ. ಮಣ್ಣು ರಾಶಿರಾಶಿ, ಅದಿರು ಚಿಟಿಕೆ, ನಿಜ. ಆದರೆ ಜಗತ್ತಿನ ಟಂಗ್‌ಸ್ಟನ್‌ನಲ್ಲಿ ನೂರಕ್ಕೆ ಎಂಬತ್ತರಷ್ಟು ತೆಗೆಯುವ ಚೀನಾ 2025ರ ಫೆಬ್ರವರಿಯಲ್ಲಿ ರಫ್ತಿಗೆ ಪರವಾನಗಿಯ ಬಿಗಿ ಹಾಕಿತು. ಇತ್ತ 2024ರಲ್ಲೇ ಕೆಜಿಎಫ್‌ನ 13 ದಿಬ್ಬಗಳನ್ನು ಮತ್ತೆ ಜಾಲಾಡಲು ಕರ್ನಾಟಕದ ಸಚಿವ ಸಂಪುಟ ಒಪ್ಪಿದೆ. ಜಾಲಾಡುವವರು ಚಿನ್ನದ ಜೊತೆ ಈ ಅದಿರನ್ನೂ ಎತ್ತಿಡಲಿ. ಎರಡನೇ ಸಲ ಬಿಸಾಡುವುದು ಬೇಡ.