ಬೋಂಡಾ ಜೊತೆ ಬಂದ ಪೇಪರು

ಹೆಸರಘಟ್ಟದ ಸಂಜೆ ಅಂದರೆ ಕೆರೆ ಕಡೆಯ ಗಾಳಿ, ಬಿಸಿ ಬೋಂಡಾ ಮತ್ತು ನಮ್ಮ ಗೌಡ್ರ ಟೊಮೆಟೊ ಪುರಾಣ. ಮೊನ್ನೆ ಮೂರೂ ಒಟ್ಟಿಗೆ ಸಿಕ್ಕವು. ಬೋಂಡಾ ಮುಗಿಸಿ ಕಾಗದ ಬಿಡಿಸಿದರೆ, ಎಣ್ಣೆ ಕುಡಿದು ಗಾಜಿನಂತಾದ ಹಾಳೆಯ ಮೇಲೆ ಟೊಮೆಟೊ ಎಲೆ ಮುದುರು ರೋಗದ ಇಂಗ್ಲಿಷ್ ಪೇಪರು! ಯಾರದೋ ಹಳೇ ಜರ್ನಲ್ಲು ರದ್ದಿಗೆ ಬಿದ್ದು ಬಾಣಲೆ ಪಕ್ಕ ಬಂದು ಕೂತಿತ್ತು. ಕೋಷ್ಟಕದ ಅರ್ಧ ನನ್ನ ಕೈಲಿ, ಇನ್ನರ್ಧ ಗೌಡ್ರ ಮೆಣಸಿನಕಾಯಿ ಬಜ್ಜಿ ಕೆಳಗೆ. ಜೋಡಿಸಿ ಓದಿದೆವು. ಯಾವ ತಳಿಗೆ ರೋಗ ಎಷ್ಟು ಅನ್ನೋವರೆಗೆ ಬಂತು. ಏನು ಮಾಡಬೇಕು ಅನ್ನೋದು ಮುಂದಿನ ಪುಟಕ್ಕೆ ಹೋಗಿಬಿಟ್ಟಿತ್ತು.

"ಫೋನಾಗೆ ಸಿಗಲ್ವಾ ಮೇಷ್ಟ್ರೇ?"

ಸಿಕ್ಕಿತು. ಹೆಸರು ಸಿಕ್ಕಿತು, ಬರೆದವರು ಸಿಕ್ಕರು, ನಾಲ್ಕು ಸಾಲು ಸಾರಾಂಶವೂ ಸಿಕ್ಕಿತು. ಅದರ ಕೆಳಗೆ ಒಂದು ಬೀಗದ ಚಿತ್ರ, ನಲವತ್ತು ಡಾಲರ್.

"ನಮ್ ಕಾಸಲ್ಲಿ ಎಷ್ಟಾಯ್ತದೆ?"

"ಹತ್ತತ್ರ ಮೂರೂವರೆ ಸಾವಿರ."

"ರೇಟು ಬಿದ್ದ ದಿನ ಮೂವತ್ತೈದು ಕ್ರೇಟು ಹಣ್ಣು! ಓದಿ ವಾಪಸ್ ಕೊಡ್ತೀವಿ ಅನ್ನಿ."

ಬರೆದ ವಿಜ್ಞಾನಿಗೆ ಇದರಲ್ಲಿ ಬಿಡಿಗಾಸಿಲ್ಲ, ತಪ್ಪು-ಒಪ್ಪು ನೋಡಿಕೊಟ್ಟ ಇನ್ನಿಬ್ಬರು ಪಂಡಿತರಿಗೂ ಇಲ್ಲ, ಆಮೇಲೆ ಅವರ ಲೈಬ್ರರಿಯೇ ಅದನ್ನು ಕಾಸು ಕೊಟ್ಟು ತರಿಸಬೇಕು ಅಂದೆ. ಗೌಡ್ರು ಬಜ್ಜಿ ಕೆಳಗಿಟ್ಟರು. "ಅಂದ್ರೆ ನನ್ ಈರುಳ್ಳಿ ಸುಮ್ನೆ ಇಸ್ಕಂಡು, ಪಕ್ಕದ ಹೊಲದೋನ ಕೈಲಿ ಬಿಟ್ಟಿ ಆರಿಸಿ, ನಮ್ಮನೆ ಸಾರಿಗೆ ನಂಗೇ ಮಾರೋದಾ? ಯಶವಂತಪುರ ಯಾರ್ಡಿನ ದಲ್ಲಾಳಿಗಳು ದೇವ್ರಂಥೋರು ಬಿಡಿ!" ದಲ್ಲಾಳಿಗಳ ಬಗ್ಗೆ ಅವರ ಬಾಯಲ್ಲಿ ಒಳ್ಳೇ ಮಾತು ನಾನು ಕೇಳಿದ್ದು ಅದೇ ಮೊದಲು.

ಸರ್ಕಾರ ಕೈಕಟ್ಟಿ ಕೂತಿಲ್ಲ ಅಂತ ಸಮಾಧಾನ ಹೇಳಹೋದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿತು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್ಲು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಲ್ಲಿ ಬಿಟ್ಟಿ ಓದು. ತಾಲ್ಲೂಕಿನ ಸರ್ಕಾರಿ ಕಾಲೇಜಿನ ಹುಡುಗಿಗೆ ಇದು ಹಬ್ಬವೇ, ಅದರಲ್ಲಿ ನನಗೆ ತಕರಾರಿಲ್ಲ.

"ರಾಷ್ಟ್ರದಾಗೆ ನಾನಿಲ್ವಾ?"

"ಇದ್ದೀರಿ. ನಿಮ್ಮ ತೋಟ ಸರ್ಕಾರಿ ಸಂಸ್ಥೆ ಅಲ್ಲ, ಅಷ್ಟೇ."

ನಮ್ಮೂರ ತಮಾಷೆಯೇ ಇದು. ಇಲ್ಲೇ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಮೂರು ರೋಗ ತಡೆಯುವ 'ಅರ್ಕಾ ರಕ್ಷಕ್' ಟೊಮೆಟೊ ಹುಟ್ಟಿದ್ದು ಅಲ್ಲೇ. ಬೀಜದ ಪೊಟ್ಟಣ ಕಾಂಪೌಂಡು ದಾಟಿ ಗೌಡ್ರ ಹೊಲಕ್ಕೆ ಬರುತ್ತೆ. ಪೇಪರು ಮಾತ್ರ ಎಷ್ಟೋ ಸಲ ಸಮುದ್ರ ದಾಟಿ ಹೋಗಿ ಡಾಲರ್ ಹೇಳಿಕೊಂಡು ಬರುತ್ತೆ. ನಮ್ಮ ಕಡೆಯವರು ಸುಮ್ಮನಿದ್ದಾರೆ ಅಂದರೆ ತಪ್ಪಾಗುತ್ತೆ. ಕೃಷಿ ಅನುಸಂಧಾನ ಪರಿಷತ್ತು 2013ರಲ್ಲೇ ಮುಕ್ತ ಓದಿನ ನೀತಿ ಮಾಡಿತು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯವರು 2002ರಲ್ಲೇ ತಮ್ಮ ಪೇಪರುಗಳನ್ನು ಜಾಲದ ಅಟ್ಟಕ್ಕೇರಿಸಲು ಶುರುಮಾಡಿದ್ದರು. 1932ರಲ್ಲಿ ಬೆಂಗಳೂರಲ್ಲಿ ಹುಟ್ಟಿದ 'ಕರೆಂಟ್ ಸೈನ್ಸ್' ಜರ್ನಲ್ಲನ್ನು ಈಗ ಯಾರು ಬೇಕಾದರೂ ಬಿಟ್ಟಿ ಓದಬಹುದು. ಆದರೆ ಬಡ್ತಿಗೆ ನಿಂತ ಮೇಷ್ಟ್ರಿಗೆ ಸೀಮೆಯ ಜರ್ನಲ್ಲೇ ಬೇಕು. ಸೀಮೆಸುಣ್ಣ ಹಿಡಿದವನು ನಾನು, ಆ ಚಪಲ ನನಗೆ ಗೊತ್ತು.

ಹಾಗಾದರೆ ಆ ಸೀಮೆಯ ದೊಡ್ಡ ಜರ್ನಲ್ಲಿನೋರೇ ಬೀಗ ತೆಗೆಯಲಿ ಅಂತೀರಾ? ತೆಗೆದರು. ಓದುವವನ ಬಾಗಿಲಿಂದ ತೆಗೆದು ಬರೆಯುವವನ ಕುತ್ತಿಗೆಗೆ ಹಾಕಿದರು. 'ನೇಚರ್' 2021ರಲ್ಲಿ ಪೇಪರೊಂದನ್ನು ಎಲ್ಲರಿಗೂ ತೆರೆದಿಡಲು ಬರೆದವರ ಕಡೆಯಿಂದ ಕೇಳಿದ್ದು 9,500 ಯೂರೋ. ಎಂಟು ಲಕ್ಷ ದಾಟುತ್ತೆ ಅಂದೆ. "ಒಂದು ಮದ್ವೆ ಆಗೋಯ್ತಿತ್ತಲ್ಲ!" ಅಂದರು ಗೌಡ್ರು.

ಅಷ್ಟು ಕೊಡಲಾಗದವರಿಗೆ ಕಳ್ಳ ಜರ್ನಲ್ಲುಗಳಿವೆ. ಕನ್ನಡ ಮೇಷ್ಟ್ರಾದ ನನಗೇ ವಾರಕ್ಕೊಂದು ಮಿಂಚಂಚೆ: ಪರಮಪೂಜ್ಯ ಡಾಕ್ಟರೇ, ಹೃದಯ ಶಸ್ತ್ರಚಿಕಿತ್ಸೆ ಬಗ್ಗೆ ತಮ್ಮ ಅಮೂಲ್ಯ ಪ್ರಬಂಧ ಕಳಿಸಿ, ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ, ಜೊತೆಗೆ ಫೀಸೂ ಇರಲಿ. ನಮ್ಮಾಕೆ ಓದಿ, "ಮೊದಲು ಆ ನಲ್ಲಿ ರಿಪೇರಿ ಮಾಡಿ ಡಾಕ್ಟ್ರೇ" ಅಂದಳು.

ಇಷ್ಟೆಲ್ಲ ಹರಟೋ ಹೊತ್ತಿಗೆ ಗೌಡ್ರ ಕಣ್ಣು ಬಾಣಲೆ ಪಕ್ಕದ ರದ್ದಿ ಕಂತೆ ಮೇಲಿತ್ತು. "ಏ ತಮ್ಮ, ಈ ಹಾಳೆ ಮುಂದಿಂದು ಐತೇನಪ್ಪಾ?"

ಹುಡುಗ ಕಂತೆ ಎತ್ತಿ ನೋಡಿ, ಪಟ್ಟನೆ ಎದೆಗವಚಿಕೊಂಡ. ವ್ಯಾಪಾರ ಅವನಿಗೂ ಗೊತ್ತು. "ಐತೆ ಗೌಡ್ರೇ. ಒಂದು ಪ್ಲೇಟ್ ಬೋಂಡಾ ತಗಂಡ್ರೆ ಒಂದು ಹಾಳೆ."

"ಡಾಲರ್‌ಗಿಂತ ವಾಸಿ. ನಾಕು ಪ್ಲೇಟ್ ಹಾಕಪ್ಪ."